ಸ್ವರ್ಗರಾಜ್ಯದ ಬೋರ್ಡು

ಧಾರವಾಡದ ಕಾಲೇಜಿನಲ್ಲಿ ನಮ್ಮದೊಂದು ಕ್ರೈಸ್ತ ವಿದ್ಯಾರ್ಥಿಕೂಟವಿತ್ತು. ಅದನ್ನು ನಡೆಸುತ್ತಿದ್ದವರು ಒಬ್ಬ ಬಿಳಿಯ ಪಾದ್ರಿಸಾಹೇಬರು. ಬೇಸಿಗೆ ರಜೆಗೆ ಮುಂಚೆ ಅವರು, "ನೀವು ಊರಿಗೆ ಹೋಗುವಿರಿ. ಸುವಾರ್ತೆ ಮಾತ್ರ ಹಾಸ್ಟೆಲ್ಲಿನಲ್ಲಿಯೇ ಉಳಿಯಬೇಕೋ? ನಾನು ಬಂದು ಮಾತಾಡಲು ತಮ್ಮ ಊರಿನಲ್ಲಿ ವಿದ್ಯಾರ್ಥಿಗಳ ಸಭೆ ಕೂಡಿಸುವವರು ಯಾರು?" ಎಂದು ಕೇಳಿದರು. ಉಳಿದವರೆಲ್ಲ ತಂತಮ್ಮ ಕಾಲಿನ ಹೆಬ್ಬೆರಳನ್ನು ಪರೀಕ್ಷಿಸತೊಡಗಿದರು. ನಾನು ಎದ್ದು ನಿಂತೆ. "ಶಿರಸಿಯನ್ನು ನನಗೆ ಬಿಡಿ ಸಾಹೇಬರೇ!" ಎಂದೆ. ಅವರು ಬಿಟ್ಟರು.

ಶಿರಸಿಗೆ ಬಂದು ನೋಡಿದರೆ, ರಜೆಗೆ ಬಂದ ಕಾಲೇಜು ಹುಡುಗರು ಬೆರಳಲ್ಲಿ ಎಣಿಸುವಷ್ಟು. ಅವರೂ ನನ್ನನ್ನು ಕಂಡರೆ ಬೇರೆ ಓಣಿ ಹಿಡಿಯುವವರು! ಸಾಹೇಬರು ಬರುವ ದಿನ ಹತ್ತಿರವಾದಂತೆ ನನಗೆ ಊಟ ಸೇರದಾಯಿತು. ಕೊನೆಗೆ ಉಪಾಯ ಹೊಳೆಯಿತು. ಬೋರ್ಡು! 'ಸ್ವರ್ಗರಾಜ್ಯ ಸಮೀಪಿಸಿದೆ' ಎಂಬ ವಿಷಯದ ಮೇಲೆ ಮಾತಾಡುವುದಾಗಿ ಸಾಹೇಬರು ಮೊದಲೇ ಹೇಳಿದ್ದರು. ಮರದ ನಾಟಾ ವ್ಯಾಪಾರಿ ಖಾದರ್ ಸಾಬರು ಸಭೆಗೆ ತಮ್ಮ ಗುದಾಮು ಕೊಟ್ಟು, ಮೇಲೊಂದು ಹಲಗೆಯನ್ನೂ ಕೊಟ್ಟರು. ನಾನು ಸುಣ್ಣದಲ್ಲಿ ದಪ್ಪಕ್ಷರದಿಂದ ಬರೆದು, ಯಲ್ಲಾಪುರದ ಮೋಟಾರು ನಿಲ್ಲುವ ಕಡೆ ತೂಗುಹಾಕಿದೆ. ನನ್ನ ಮಾತಿಗೆ ಜನ ಬೆಲೆ ಕೊಡಲಿಕ್ಕಿಲ್ಲವೆಂದು ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ವಿವರಗಳಿಗೆ ಮಾಮಲೇದಾರ ಕಚೇರಿಯ ಗುಮಾಸ್ತರನ್ನು ಕಾಣಿರಿ.' ಗುಮಾಸ್ತರೆಂದರೆ ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದಿದ್ದ ನಮ್ಮಪ್ಪ. ಅಪ್ಪನನ್ನು ಕೇಳಿರಲಿಲ್ಲ.

ಮರುದಿನ, ಸಭೆಯ ದಿನವೇ, ನನ್ನ ಹಳೆಯ ಸಹಪಾಠಿ ಹುಲಗೋಳದ ಗಣಪತಿ ಓಡಿಬಂದು ತಬ್ಬಿಕೊಂಡ.

"ಎಂತ ಧೈರ್ಯ ಮಾರಾಯಾ ನಿಂದು! ಯಂಗೆ ಗೊತ್ತೇ ಇತ್ತಿಲ್ಲೆ! ಸಂಜೆಗೆ ಊರಿಗೆ ಊರೇ ಬತ್ತು ನೋಡು."

"ಸ್ವರ್ಗಕ್ಕೆ ಹೋಗಲು ಇಷ್ಟು ಜನವೇ?" ಎಂದೆ.

"ಸ್ವರ್ಗ ಎಂತಕ್ಕೆ? ಜೈಲಿಗೆ!"

ತಮಾಷೆಯೆಂದುಕೊಂಡೆ. ಅಷ್ಟರಲ್ಲಿ ಅಪ್ಪ ಹೊತ್ತಲ್ಲದ ಹೊತ್ತಿನಲ್ಲಿ ಕಚೇರಿಯಿಂದ ಬಂದರು. ತಲೆಯ ಮೇಲಿರಬೇಕಾದ ರುಮಾಲು ಕೈಯಲ್ಲಿತ್ತು.

"ಬೋರ್ಡಿನ್ಯಾಗ ಏನ್ ಬರದೀಲೇ?"

"ಸ್ವರ್ಗರಾಜ್ಯ ಸಮೀಪಿಸಿದೆ ಅಂತ, ಅಪ್ಪಾ."

"ಗ ಎಲ್ಲಿ ಹೋತು?"

ಮನಸ್ಸಿನಲ್ಲೇ ಹಲಗೆಯನ್ನು ಓದಿಕೊಂಡೆ. 'ಗ' ತನ್ನ ಅರ್ಕಾವತ್ತಿನ ಸಮೇತ ಸುಣ್ಣದ ಡಬ್ಬಿಯಲ್ಲೇ ಉಳಿದಿತ್ತು! ಬೋರ್ಡಿನ ಮೇಲಿದ್ದದ್ದು ಇಷ್ಟು: 'ಸ್ವರಾಜ್ಯ ಸಮೀಪಿಸಿದೆ! ವಿದ್ಯಾರ್ಥಿಗಳೇ, ಎದ್ದೇಳಿ! ಸಂಜೆ ಖಾದರ್ ಸಾಬರ ಗುದಾಮಿನಲ್ಲಿ ಸಭೆ. ವಿವರಗಳಿಗೆ ಮಾಮಲೇದಾರ ಕಚೇರಿಯ ಗುಮಾಸ್ತರನ್ನು ಕಾಣಿರಿ.'

ಅದೂ ಚಳವಳಿಯ ಕಾಲ! ಖಾದಿ ಟೋಪಿ ಹಾಕಿದವನ ಬೆನ್ನಿಗೇ ಪೊಲೀಸರು ಬೀಳುತ್ತಿದ್ದ ದಿನಗಳು.

"ಮುಂಜಾನಿಂದ ಮಂದಿ ಬಂದು, 'ಯಾವಾಗ ಬರತೈತಿ, ವಿವರ ಹೇಳ್ರಿ' ಅಂತ ಗಂಟು ಬಿದ್ದಾರ. ನಾಳೆ ಮಾಮಲೇದಾರ್ರು ಕರಸ್ಯಾರ. ನನ್ನ ನೌಕರಿ ಹೋದ್ರ ಮನಿಗೆ ಕೂಳು ನೀ ಹಾಕ್ತೀಯೇನು?"

ಅವ್ವ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದಳು. ನಾನು ಮೋಟಾರು ನಿಲ್ಲುವಲ್ಲಿಗೆ ಓಡಿದೆ. ಮೊಳೆ ಇತ್ತು, ಹಲಗೆ ಇರಲಿಲ್ಲ. ಪೊಲೀಸ್ ಫೌಜದಾರರು ಪುರಾವೆಗೆಂದು ಒಯ್ದಿದ್ದರು!

ಸಂಜೆ ಗುದಾಮು ತುಂಬಿ, ಜನ ದಿಮ್ಮಿಗಳ ಮೇಲೆಲ್ಲ ಹತ್ತಿ ಕೂತಿದ್ದರು. ಮೋಟಾರಿನಿಂದಿಳಿದು ಬಂದ ಪಾದ್ರಿಸಾಹೇಬರ ಕಣ್ಣಲ್ಲಿ ನೀರೇ ಬಂತು. "ಇಷ್ಟೊಂದು ಬಾಯಾರಿದ ಆತ್ಮಗಳೇ!" ಎಂದರು. "ಅದು ಹಾಗಲ್ಲ ಸಾಹೇಬರೇ..." ಎಂದು ನಾನು ತೊದಲಿದರೆ, "ವಿನಯ ಸಾಕು, ಮಗನೇ" ಎಂದು ಬೆನ್ನು ತಟ್ಟಿ ವೇದಿಕೆ ಹತ್ತಿಯೇಬಿಟ್ಟರು.

"ರಾಜ್ಯವು ಯಾವಾಗ ಬರುವುದು ಎಂದು ನೀವು ಕೇಳುತ್ತೀರಿ!"

"ಹೌದು! ಹೌದು!" ಎಂದು ಗುದಾಮು ಗುಡುಗಿತು.

"ಅದು ಬಾಗಿಲಲ್ಲೇ ಬಂದು ನಿಂತಿದೆ!"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಫೌಜದಾರರಿದ್ದರು. ಕಂಕುಳಲ್ಲಿ ನನ್ನ ಹಲಗೆ.

ಬಿಳಿಯ ಸಾಹೇಬರಿಗೆ ಅವರು ಸಲಾಮು ಹೊಡೆದರು. ನನ್ನ ಕಡೆ ತಿರುಗಿದಾಗ ಮುಖದಲ್ಲಿ ಸಲಾಮಿನ ಸುಳಿವೂ ಇರಲಿಲ್ಲ.

"ಇದನ್ನ ಬರದವ್ರು ಯಾರು?"

"ನಾನೇ ಸಾಹೇಬ್ರೆ. ಸ್ವರ್ಗ ಅಂತ ಬರಿಲಿಕ್ಕೆ ಹೋಗಿದ್ದೆ. ಗ ಬಿಟ್ಟುಹೋಯ್ತು."

"ಸಿಕ್ಕಮ್ಯಾಲೆ ಎಲ್ಲಾರೂ ಹಿಂಗ ಅಂತಾರ. ಬರ್ರಿ ಮುಂದ. ಈಗ ಬರದು ತೋರಸ್ರಿ!"

ಕೈಗೆ ಸೀಮೆಸುಣ್ಣ ಬಂತು. ಮೂಲೆಯಲ್ಲಿ ಅಪ್ಪ ಕೈಮುಗಿದು ನಿಂತಿದ್ದರು. ದೇವರಿಗೋ ಫೌಜದಾರರಿಗೋ ತಿಳಿಯಲಿಲ್ಲ. ಈ ಒಂದು ಶಬ್ದ ತಪ್ಪಿದರೆ ಅವರ ನೌಕರಿ ಹೋದಂತೆ! ನನ್ನ ಅಂಗಿ ಬೆನ್ನಿಗೆ ಅಂಟಿತು. ತಲೆಯಲ್ಲಿ 'ಗ' ಒಂದೇ. "ಗ, ಗ, ಗ" ಎಂದು ಜಪಿಸುತ್ತ, ಹಲಗೆಯ ಹಿಂಬದಿಯ ತುಂಬ ಬರೆದು ಹಿಂದೆ ಸರಿದೆ.

'ಸರ್ಗರಾಜ್ಯ.'

'ಗ' ಬಂದಿತ್ತು. 'ಸ'ದ ಕೆಳಗಿನ 'ವ' ಒತ್ತು ಕಾಣೆಯಾಗಿತ್ತು!

ಫೌಜದಾರರು ಹಲಗೆಯನ್ನು ನೋಡಿದರು, ನನ್ನನ್ನು ನೋಡಿದರು. ಮೀಸೆ ಅಲುಗಿತು. "ಇವ್ರಿಂದ ಸರಕಾರಕ್ಕೇನೂ ಧಕ್ಕಿ ಇಲ್ಲ ಬಿಡ್ರಿ. ಕನ್ನಡಕ್ಕ ಐತಿ!" ಎಂದರು. ಗುದಾಮಿಗೆ ಗುದಾಮೇ ನಕ್ಕಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಗಣಪತಿ. ಸ್ವರಾಜ್ಯವಿಲ್ಲವೆಂದು ತಿಳಿದು ಮುಕ್ಕಾಲು ಜನ ಎದ್ದುಹೋದರು. ಉಳಿದವರಿಗೆ ಸಾಹೇಬರು ಪ್ರೀತಿಯಿಂದಲೇ ಸ್ವರ್ಗದ ದಾರಿ ಹೇಳಿದರು. ನನ್ನ ಕಿವಿಗೆ ಒಂದು ಮಾತೂ ಬೀಳಲಿಲ್ಲ. ಮಾಮಲೇದಾರರ ಭೇಟಿ ಇನ್ನೂ ಬಾಕಿಯಿತ್ತು.

ಮರುದಿನ ಅಪ್ಪ ಹೋದರು. ನಾನೂ ಅವ್ವನೂ ಹೊಸ್ತಿಲಲ್ಲಿ ಕೂತು, ಬೀದಿಯಲ್ಲಿ ಯಾರ ಚಪ್ಪಲಿ ಸದ್ದಾದರೂ ಬೆಚ್ಚಿ ಎದ್ದು ನಿಲ್ಲುತ್ತಿದ್ದೆವು. ಮಧ್ಯಾಹ್ನ ಅಪ್ಪ ಬಂದರು. ರುಮಾಲು ತಲೆಯ ಮೇಲಿತ್ತು.

"ಏನಾತ್ರಿ?" ಎಂದಳು ಅವ್ವ.

"ನೌಕರಿ ಉಳೀತು."

ಅವ್ವ ಅತ್ತಳು. ಅಷ್ಟು ಸಂತೋಷ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ. ಅಪ್ಪ ಊಟಕ್ಕೆ ಕೂತರು. ರೊಟ್ಟಿ ಮುರಿದು, ನನ್ನನ್ನೊಮ್ಮೆ ನೋಡಿ, ಅವ್ವನಿಗೆ ಹೇಳಿದರು:

"ಇಷ್ಟು ವರ್ಷ ನನ್ನ ಮಗಾ ಭಾಳ ಶಾಣ್ಯಾ ಅಂತ ಊರೆಲ್ಲಾ ಹೇಳ್ಕೋತ ಬಂದೆ. ಒಬ್ಬನೂ ನಂಬಲಿಲ್ಲ. ಇವತ್ತ ಒಂದ ಸಲ ದಡ್ಡ ಅದಾನ್ರಿ ಅಂದೆ. ಮಾಮಲೇದಾರ್ರು ಸಾಕ್ಷಿನೂ ಕೇಳ್ಲಿಲ್ಲ!"