ಇಲ್ಲದ ಪ್ರಯೋಗಾಲಯಕ್ಕೆ ಖುದ್ದು ಹಾಜರಾಗುವ ಕುರಿತು

ಸುತ್ತೋಲೆ ಸಂಖ್ಯೆ: ಪ್ರಾಂ.ಕ/ಅಸಲಿ-ನಕಲಿ/ತಿದ್ದುಪಡಿಯ ತಿದ್ದುಪಡಿ/೭

ವಿಷಯ: ಅಂತಿಮ ವರ್ಷದ ಪದವಿ ವಿದ್ಯಾರ್ಥಿನಿಯೊಬ್ಬಳ ಡೀಪ್‌ಫೇಕ್ ಪತ್ತೆ ತಂತ್ರಾಂಶವು ಕಾಲೇಜಿನ ಸ್ವಂತ ವಿಡಿಯೊವನ್ನೇ ನಕಲಿ ಎಂದು ಸಾರಿದ ಅಶಿಸ್ತಿನ ಬಗ್ಗೆ.

ಉಲ್ಲೇಖ: ೧. ತಪಾಸಣಾ ಸಮಿತಿಗೆ ತೋರಿಸಲಾದ ‘ನಮ್ಮ ಸುಸಜ್ಜಿತ ಡೀಪ್‌ಫೇಕ್ ಪತ್ತೆ ಪ್ರಯೋಗಾಲಯ’ ವಿಡಿಯೊ.
೨. ಸದರಿ ವಿದ್ಯಾರ್ಥಿನಿಯ ತಾಯಿಯವರು ಕಚೇರಿಯ ಕಿಟಕಿಯಲ್ಲಿ ನಿಂತು ಆಡಿದ ಮಾತುಗಳು (ಮೌಖಿಕ, ಜೋರು).

ಮೇಲ್ಕಂಡ ಪ್ರಯೋಗಾಲಯವನ್ನು ತಪಾಸಣಾ ಸಮಿತಿಯು ನೋಡಬಯಸಿದ್ದು, ಅದನ್ನು ಕಟ್ಟುವುದೊಂದು ಬಾಕಿ ಇದ್ದುದರಿಂದ, ಕಚೇರಿಯು ಕೃತಕ ಬುದ್ಧಿಮತ್ತೆಯ ನೆರವಿನಿಂದ ಅದರ ವಿಡಿಯೊ ತಯಾರಿಸಿ ಪ್ರದರ್ಶಿಸಿತು. ಪ್ರಾಂಶುಪಾಲರು ಪ್ರಯೋಗಾಲಯ ಇದೆಯೆನ್ನಲಾದ ಮೂರನೇ ಮಹಡಿಗೆ ಎಂದೂ ಹತ್ತಿದವರಲ್ಲವಾದ ಕಾರಣ ವಿಡಿಯೊವನ್ನು ಪೂರ್ತಿ ನಂಬಿದ್ದರು. ನಂತರ ಸಭಾಂಗಣದಲ್ಲಿ ನಡೆದ ಪ್ರಾತ್ಯಕ್ಷಿಕೆಯಲ್ಲಿ ಸದರಿ ವಿದ್ಯಾರ್ಥಿನಿಯು ತನ್ನ ತಂತ್ರಾಂಶದ ಪರೀಕ್ಷೆಗೆ ಯಾವುದಾದರೂ ವಿಡಿಯೊ ಕೊಡಿ ಎಂದು ಕೇಳಿದಾಗ, ಅವರೇ ಎದ್ದು ನಿಂತು, “ನಮ್ಮದೇ ಹಾಕಮ್ಮ, ಅಸಲಿ ಅಂದ್ರೆ ಹೇಗಿರುತ್ತೆ ಅಂತ ಎಲ್ರೂ ನೋಡ್ಲಿ” ಎಂದು ಅಪ್ಪಣೆ ಕೊಡಿಸಿದರು. ಎಲ್ಲರೂ ನೋಡಿದರು. ಪರದೆಯ ತುಂಬ ಕೆಂಪಕ್ಷರದಲ್ಲಿ ‘ನಕಲಿ’ ಎಂದು ಮೂಡಿತು. ಅಂದೇ ಸಂಜೆ ಆಕೆಯ ಅಂಕಪಟ್ಟಿಯನ್ನು ತಡೆಹಿಡಿಯಲಾಯಿತು.

ಈ ಹಿನ್ನೆಲೆಯಲ್ಲಿ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಕಾಲೇಜಿನ ಯಾವ ವಿಡಿಯೊವೂ ನಕಲಿಯಾಗಿರಲು ಸಾಧ್ಯವಿಲ್ಲ. ಸಂಶೋಧನಾಸಕ್ತರು ಹೊರಗಿನ ನಕಲಿಗಳನ್ನಷ್ಟೇ ಪತ್ತೆ ಹಚ್ಚತಕ್ಕದ್ದು. ಹೊರಗೆ ಬೇಕಾದಷ್ಟಿವೆ.

೨. ವಿಡಿಯೊದಲ್ಲಿ ನೆರಳುಗಳು ಬೆಳಕಿನ ಕಡೆಗೇ ಬಿದ್ದಿವೆ ಎಂಬುದು ತಂತ್ರಾಂಶದ ತಕರಾರು. ಕಾಲೇಜಿನ ನೆರಳು ಎತ್ತ ಬೀಳಬೇಕೆಂಬುದು ಆಡಳಿತದ ಆಂತರಿಕ ವಿಷಯ.

೩. ಪ್ರಯೋಗಾಲಯದ ಕಿಟಕಿಯಾಚೆ ಸಮುದ್ರ ಕಾಣುತ್ತದೆ. ಆ ದಿಕ್ಕಿನಲ್ಲಿ ಇದುವರೆಗೆ ಸೈಕಲ್ ಸ್ಟ್ಯಾಂಡ್ ಇದೆಯೆಂದು ಭಾವಿಸಲಾಗಿತ್ತು. ಇನ್ನು ಮುಂದೆ ಅಲ್ಲಿ ಸೈಕಲ್ ನಿಲ್ಲಿಸುವವರು ಅಲೆಗಳಿಗೆ ಸಿಕ್ಕದಂತೆ ಸ್ವಂತ ಜವಾಬ್ದಾರಿಯ ಮೇಲೆ ನಿಲ್ಲಿಸತಕ್ಕದ್ದು.

೪. ಒಬ್ಬಳೇ ಹುಡುಗಿ ಏಕಕಾಲದಲ್ಲಿ ಮೂರು ಮೇಜುಗಳಲ್ಲಿ ಕುಳಿತು ಓದುತ್ತಿರುವುದು ಶ್ರದ್ಧೆಯ ಲಕ್ಷಣ. ಉಳಿದವರು ಒಂದು ಮೇಜಿನಲ್ಲಾದರೂ ಕೂರಲು ಕಲಿಯತಕ್ಕದ್ದು.

೫. ತಂತ್ರಾಂಶವು ಇನ್ನು ಮುಂದೆ ‘ನಕಲಿ’ ಎನ್ನುವ ಬದಲು ‘ಪರಿಶೀಲನೆಯಲ್ಲಿದೆ’ ಎನ್ನತಕ್ಕದ್ದು. ವಿಭಾಗದ ಮುಖ್ಯಸ್ಥರು ಮತ್ತು ಮೇಲ್ಪಟ್ಟವರ ಮುಖವನ್ನು ಪರೀಕ್ಷಿಸುವ ಮುನ್ನ ಆ ಮುಖದವರ ಲಿಖಿತ ಅನುಮತಿ ಪಡೆಯತಕ್ಕದ್ದು. ಮುಖ ಚಿಕ್ಕದಾದಲ್ಲಿ ಕಚೇರಿ ಹೊಣೆಯಲ್ಲ.

೬. ವಿದ್ಯಾರ್ಥಿನಿಯು ವರ್ಷಪೂರ್ತಿ ಸಂಶೋಧನೆ ನಡೆಸಿದ್ದು ಮೂರನೇ ಮಹಡಿಯಲ್ಲಿ ಮುರುಕು ಕುರ್ಚಿಗಳನ್ನು ಪೇರಿಸಿಟ್ಟ ಕೋಣೆಯಲ್ಲಿ, ಅಣ್ಣನ ಹಳೆಯ ಲ್ಯಾಪ್‌ಟಾಪಿನಲ್ಲಿ ಎಂದು ಕೆಲವರು ಆಡಿಕೊಳ್ಳುತ್ತಿರುವುದು ಗಮನಕ್ಕೆ ಬಂದಿದೆ. ಸದರಿ ಕೋಣೆಯನ್ನು ‘ಪ್ರಯೋಗಾಲಯದ ಹಿಂಭಾಗ’ ಎಂದು ಮರುನಾಮಕರಣ ಮಾಡಲಾಗಿದೆ. ಮುಂಭಾಗವನ್ನು ಯಾರೂ ಹುಡುಕತಕ್ಕದ್ದಲ್ಲ.

೭. ಉನ್ನತ ವ್ಯಾಸಂಗದ ಪ್ರವೇಶಕ್ಕೆ ಅಂಕಪಟ್ಟಿ ಸಲ್ಲಿಸಲು ಈ ಶನಿವಾರವೇ ಕೊನೆ ಎಂದು ವಿದ್ಯಾರ್ಥಿನಿ ಅಂಗಲಾಚಿದ ಮೇರೆಗೆ ಕಚೇರಿಯು ಕರುಣೆ ತೋರಿತ್ತು. ಅಂದರೆ, ವಿಡಿಯೊದಲ್ಲಿರುವ ಪ್ರಯೋಗಾಲಯಕ್ಕೆ ಖುದ್ದು ಹಾಜರಾಗಿ, ಪ್ರಾಂಶುಪಾಲರೆದುರು ಕ್ಷಮೆ ಕೇಳಿ, ಅದರ ವಿಡಿಯೊ ಸಲ್ಲಿಸಿದಲ್ಲಿ ಅಂಕಪಟ್ಟಿ ಕೊಡಲಾಗುವುದೆಂದು ಹಿಂದಿನ ಸುತ್ತೋಲೆಯಲ್ಲಿ ತಿಳಿಸಲಾಗಿತ್ತು. ಇದಕ್ಕೆ ತಾಯಿಯವರು, “ಏನ್ರೀ, ಇಲ್ಲದ ರೂಮಿಗೆ ನನ್ನ ಮಗಳು ಎಲ್ಲಿಂದ ಹೋಗ್ಬೇಕು? ಓದಿದ್ದು ಅವಳು, ನಾಟಕ ಆಡಿದ್ದು ನೀವು, ಶಿಕ್ಷೆ ಮಾತ್ರ ಅವಳಿಗಾ? ನಾಚಿಕೆ ಆಗಲ್ವಾ ನಿಮಗೆ?” ಎಂದು ಕೇಳಿದ್ದು, ಸದರಿ ಪ್ರಶ್ನೆಗಳನ್ನು ಕಡತಕ್ಕೆ ಸೇರಿಸಲಾಗಿದೆ. ಉತ್ತರಗಳು ಮೇಲಧಿಕಾರಿಗಳ ಪರಿಶೀಲನೆಯಲ್ಲಿವೆ.

೮. ವಿದ್ಯಾರ್ಥಿನಿಯು ನಿನ್ನೆ ಆದೇಶವನ್ನು ಪಾಲಿಸಿರುತ್ತಾಳೆ. ಸಲ್ಲಿಸಿದ ವಿಡಿಯೊದಲ್ಲಿ ಆಕೆ ಅದೇ ಪ್ರಯೋಗಾಲಯದಲ್ಲಿ ನಿಂತಿದ್ದು, ಹಿಂದೆ ಅದೇ ಸಮುದ್ರವಿದೆ. ಎದುರಿಗೆ ಪ್ರಾಂಶುಪಾಲರಿದ್ದಾರೆ. ಆಕೆ ಬಾಯಿ ತೆರೆಯುವ ಮೊದಲೇ ಅವರು ಕೈಮುಗಿದು, “ತಪ್ಪು ನಮ್ದು ಕಣಮ್ಮ. ಮುಂದಿನ ವರ್ಷದ ಮಕ್ಕಳಾದ್ರೂ ನಿನ್ನ ಹಾಗೆ ಮುರುಕು ಕುರ್ಚಿ ಮೇಲೆ ಕೂತು ಒದ್ದಾಡೋದು ಬೇಡ. ತಿಂಗಳೊಳಗೆ ಕುರ್ಚಿ ತೆಗೆಸಿ ಕಂಪ್ಯೂಟರ್ ಹಾಕಿಸ್ತೀನಿ” ಎಂದು ಹೇಳಿ ಅಂಕಪಟ್ಟಿಯನ್ನು ಕೈಗಿಟ್ಟಿದ್ದಾರೆ. ನೆರಳುಗಳು ಸರಿಯಾದ ದಿಕ್ಕಿಗೆ ಬಿದ್ದಿದ್ದು, ಕಚೇರಿಯ ವಿಡಿಯೊಗಿಂತ ಇದೇ ಹೆಚ್ಚು ನಂಬುವಂತಿದೆ.

೯. ಹಾಗೆ ಹೇಳಿದ ನೆನಪು ಪ್ರಾಂಶುಪಾಲರಿಗಿಲ್ಲ. ಆದರೆ ಈ ವಿಡಿಯೊ ನಕಲಿ ಎಂದರೆ ಪ್ರಯೋಗಾಲಯವೂ ನಕಲಿಯಾಗುತ್ತದೆ. ಪ್ರಯೋಗಾಲಯ ಅಸಲಿ ಎಂದರೆ ಅಲ್ಲಿ ಆಡಿದ ಮಾತೂ ಅಸಲಿಯಾಗುತ್ತದೆ. ಎರಡು ಸುತ್ತು ಚಹಾ ಮುಗಿದರೂ ಮೂರನೆಯ ದಾರಿ ಹೊಳೆಯಲಿಲ್ಲ.

೧೦. ಆದ್ದರಿಂದ ಪ್ರಾಂಶುಪಾಲರು ಕ್ಷಮೆ ಕೇಳಿರುತ್ತಾರೆಂದು ಈ ಮೂಲಕ ಭಾವಿಸಲಾಗಿದೆ. ಅಂಕಪಟ್ಟಿಯನ್ನು ಈ ಕೂಡಲೇ ಬಿಡುಗಡೆ ಮಾಡಲು ಮತ್ತು ಮುರುಕು ಕುರ್ಚಿಗಳನ್ನು ಕೆಳಗಿಳಿಸಲು ಆದೇಶಿಸಲಾಗಿದೆ.

(ಸಹಿ)
ಕಚೇರಿ ಅಧೀಕ್ಷಕರು
ಪ್ರಾಂಶುಪಾಲರ ಪರವಾಗಿ
(ಪ್ರಾಂಶುಪಾಲರು ತಾವು ಹೇಳಿದ್ದನ್ನು ಮತ್ತೊಮ್ಮೆ ನೋಡುತ್ತಿದ್ದಾರೆ)

ಪ್ರತಿಗಳು:
೧. ತಪಾಸಣಾ ಸಮಿತಿಗೆ: ಮಾಹಿತಿಗಾಗಿ. ಖುದ್ದು ಭೇಟಿ ಅನಗತ್ಯ.
೨. ಕಾವಲುಗಾರರಿಗೆ: ಕುರ್ಚಿಗಳನ್ನು ಇಳಿಸಿ ಸಮುದ್ರದ ಪಕ್ಕ, ಸೈಕಲ್‌ಗಳಿಗೆ ತಾಗದಂತೆ ಇಡಲು.
೩. ತಾಯಿಯವರಿಗೆ: ಉಲ್ಲೇಖ ೨ಕ್ಕೆ ಉತ್ತರವಾಗಿ. ಇನ್ನು ಕಿಟಕಿಗೆ ಬರುವ ಅಗತ್ಯವಿಲ್ಲ.
೪. ವಿದ್ಯಾರ್ಥಿನಿಗೆ: ಅಂಕಪಟ್ಟಿ ಲಗತ್ತಿಸಿದೆ. ಇದು ಅಸಲಿ. ಆದರೂ ತಂತ್ರಾಂಶಕ್ಕೆ ತೋರಿಸಬಾರದಾಗಿ ಕೋರಲಾಗಿದೆ.