ಸ್ಕಾಟ್ಲೆಂಡಿನ ಅಳಿಯನ ಬರಿ

ಮನೆಯಲ್ಲಿ ಮದುವೆ ಮಾತು ಎದ್ದರೆ ನಗುವ ಸಂಗತಿಗಳು ಕರೆಯದೆಯೇ ಬರುತ್ತವೆ. ನಮ್ಮ ಅಲೆವೂರಿನ ಮನೆಯಲ್ಲಿ ಎಲ್ಲವೂ ತಾಯಿಯ ಕಡೆಯಿಂದ. ಕುಲದ ಹೆಸರಾದ ‘ಬರಿ’ ಮಕ್ಕಳಿಗೆ ಬರುವುದು ತಾಯಿಯಿಂದ. ಒಂದೇ ಬರಿಯವರು ಅಣ್ಣ ತಂಗಿಯರ ಲೆಕ್ಕ, ಮದುವೆಯಾಗುವಂತಿಲ್ಲ. ಅಂಜಲ್ ಮೀನಿನ ತಲೆ ಕೂಡ ಸೋದರಮಾವನಾದ ನನಗೆ; ಅಕ್ಕನ ಗಂಡನಾದ ಭಾವನಿಗೆ, ಪಾಪ, ಬಾಲ.

ಇಂಥ ಮನೆಗೆ ಅಕ್ಕನ ಮಗಳು ಸ್ಕಾಟ್ಲೆಂಡಿನವನೊಬ್ಬನನ್ನು ಕರೆತಂದಳು. ಇಬ್ಬರೂ ಮಣಿಪಾಲದಲ್ಲಿ ಪಾಠ ಮಾಡುವವರು. ಅಜ್ಜಿ ಒಪ್ಪದೆ ಮದುವೆ ಇಲ್ಲ ಎಂಬುದು ಅವಳ ಹಟ. ಅಜ್ಜಿ ಎಂದರೆ ನನ್ನ ಅಮ್ಮ.

೧

ಅಮ್ಮ ಕೇಳಿದ್ದು ಒಂದೇ: “ನಿನ್ನದು ಯಾವ ಬರಿ?”

ಹುಡುಗಿ ತರ್ಜುಮೆ ಮಾಡಿದಳು. ಅವನಿಗೆ ಬಲು ಖುಷಿ. ತನ್ನ ಹೆಸರಿನ ‘ಮ್ಯಾಕ್’ ಎಂದರೆ ಮಗ, ಒಬ್ಬ ಮೂಲಪುರುಷನ ಸಂತಾನ ತಾವು, ಕುಲಕ್ಕೊಂದು ಕೋಟೆಯೂ ಉಂಟು ಎಂದ.

“ಅಪ್ಪನಿಂದ ಬಂದದ್ದಾ? ಅದನ್ನು ಹೇಗೆ ನಂಬುವುದು ಮಾರಾಯ! ಅಪ್ಪ ಯಾರೆಂದು ಅಮ್ಮ ಹೇಳಿಯೇ ಅಲ್ವಾ ಗೊತ್ತಾಗುವುದು?”

೨

ಮುಂದಿನ ವಾರ ಸಾಕ್ಷಿ ತಂದ: ನೀಲಿ-ಹಸಿರು ಚೌಕಳಿ ಬಟ್ಟೆ. ಒಂದೊಂದು ಕುಲಕ್ಕೆ ಒಂದೊಂದು ಚೌಕಳಿಯಂತೆ.

ಭಾವನಿಗೆ ಕಾಪುವಿನಲ್ಲಿ ಬಟ್ಟೆ ಅಂಗಡಿ. ಬೆರಳಲ್ಲಿ ಉಜ್ಜಿ ನೋಡಿ, “ಇದು ನಮ್ಮಲ್ಲಿ ಥಾನುಗಟ್ಟಲೆ ಉಂಟಲ್ಲ! ಕಾರ್ಕಳದಲ್ಲಿ ಇವಳು ಕಲಿತ ಶಾಲೆಯ ಯೂನಿಫಾರಂ” ಎಂದರು.

ಅಮ್ಮನ ಮುಖ ಗಂಭೀರವಾಯಿತು. “ಹತ್ತು ವರ್ಷ ಇವಳೂ ಅದನ್ನೇ ಹಾಕಿದ್ದಾಳೆ. ಹಾಗಾದರೆ ಇಬ್ಬರದೂ ಒಂದೇ ಬರಿ ಆಗ್ಲಿಲ್ವಾ?”

ಭಾವ ತೆಪ್ಪಗೆ ಎದ್ದು ಅಂಗಡಿಗೆ ಹೋದರು.

೩

ಕೊನೆಗೆ ಅವನ ತಾಯಿಗೇ ವಿಡಿಯೋ ಕಾಲ್ ಮಾಡಿಸಿದೆ. ಆ ಮಹಾತಾಯಿ ಹೆಮ್ಮೆಯಿಂದ, ತಾನೂ ಗಂಡನೂ ಹುಟ್ಟಿನಿಂದಲೇ ಒಂದೇ ಕುಲದವರು ಎಂದರು.

ಅಮ್ಮ ಫೋನನ್ನು ಕವುಚಿ ಇಟ್ಟರು. “ಅಣ್ಣ ತಂಗಿ ಮದುವೆಯಾದ ಮನೆ!”

ಹುಡುಗಿಗೆ ಅಳುವೇ ಬಂತು. ನನಗೂ ಸಂಕಟವಾಯಿತು. ಅವನು ಕೈಮುಗಿದು, “ಅಜ್ಜಿ, ನಿಮ್ಮ ಬರಿಯನ್ನೇ ನನಗೆ ಕೊಡಿ” ಎಂದ.

“ಕೊಟ್ಟರೆ ಇವಳೇ ನಿನಗೆ ತಂಗಿ!”

ಆಗ ಮೂಲೆಯಲ್ಲಿದ್ದ ಭಾವ ಮೆಲ್ಲಗೆ ಕೆಮ್ಮಿದರು. “ನನ್ನ ಬರಿ ಬೇರೆ ಉಂಟು. ಅದನ್ನು ಕೊಡಬಹುದಾ?”

ಮದುವೆಯಾಗಿ ಬಂದ ಮೇಲೆ ಭಾವನ ಬರಿ ಯಾರಿಗೂ ಬೇಕಾಗಿರಲಿಲ್ಲ. ಅಮ್ಮ ಬೆರಳು ಮಡಚಿ ಸಂಬಂಧ ಲೆಕ್ಕ ಹಾಕಿ, “ಅಡ್ಡಿ ಇಲ್ಲ” ಎಂದರು. ದೇವರ ಮುಂದೆ ದೀಪ ಹಚ್ಚಿ ಅವನನ್ನು ಆ ಬರಿಗೆ ಸೇರಿಸಿಯೂ ಆಯಿತು. ಹುಡುಗಿ ಅಪ್ಪನನ್ನು ತಬ್ಬಿಕೊಂಡಳು.

ಮಧ್ಯಾಹ್ನ ಅಂಜಲ್ ಸಾರು. ತಲೆಗೆಂದು ನಾನು ರೂಢಿಯಂತೆ ಬಟ್ಟಲು ಮುಂದೆ ಮಾಡಿದೆ. ಭಾವ ಕೈ ಅಡ್ಡ ಹಿಡಿದರು.

“ಸ್ವಲ್ಪ ನಿಲ್ಲಿ. ಈ ಮನೆಯಲ್ಲಿ ಇನ್ನು ನಮ್ಮ ಬರಿಯವರೂ ಇಬ್ಬರಿದ್ದೇವೆ.”