ಕಾಕಾನ ಕೆಂಪು ಟವೆಲು

ನಮ್ಮ ಕಾಕಾಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಎದೆಗೂಡು ತೋರಿಸಿದರೆ ಮಾತ್ರ ಗುರುತು ಹಿಡಿಯುತ್ತಾರೆ! ಇದು ಉತ್ಪ್ರೇಕ್ಷೆ ಎನ್ನುವವರಿಗೆ ಶಹಾಪುರ ಬಸ್‌ಸ್ಟ್ಯಾಂಡಿನ ಸಾಕ್ಷ್ಯ ಒದಗಿಸುತ್ತೇನೆ. ಅಲ್ಲೊಬ್ಬರು ಓಡಿಬಂದು ನಮಸ್ಕಾರ ಮಾಡಿದರು. ಹೆಸರು ಹೇಳಿದರು, ಊರು ಹೇಳಿದರು, ಮಗಳ ಮದುವೆಗೆ ಕಾಕಾ ಬಂದು ಉಂಡುಹೋದದ್ದನ್ನೂ ಹೇಳಿದರು. ಕಾಕಾ ಗೋಡೆ ನೋಡಿದಂತೆ ನೋಡುತ್ತಿದ್ದರು. ಕೊನೆಗೆ ಆ ಮನುಷ್ಯ ಬೇಸತ್ತು, ಎತ್ತು ಒದ್ದು ಪಕ್ಕೆಲುಬು ಮುರಿದಿತ್ತಲ್ಲ ಎಂದದ್ದೇ ತಡ, ಕಾಕಾ ತಬ್ಬಿಕೊಂಡುಬಿಟ್ಟರು. "ಎಡಗಡೆ ಆರನೇದು! ಆರಾಮ ಅದೀರೇನ್ರಿ?"

ಕೇಳಿದ್ದು ಮನುಷ್ಯನನ್ನೋ ಎಲುಬನ್ನೋ, ನನಗಿನ್ನೂ ಅನುಮಾನ.

ಕಾಕಾ ಎಕ್ಸರೇ ತೆಗೆಯುವವರು. ಕಾಲುವೆಗೆ ನೀರು ಬಂದ ಹೊಸತರಲ್ಲಿ, ಜೀಪಿನಲ್ಲಿ ಒಯ್ಯಬಹುದಾದ ಒಂದು ಯಂತ್ರವನ್ನು ಕೈಗೆ ಕೊಟ್ಟು ಅವರನ್ನು ಸುರಪುರ ಸುತ್ತಲಿನ ಹಳ್ಳಿಗಳಿಗೆ ಅಟ್ಟಿದ್ದರು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ, ಇದನ್ನು ತಂಪಾದ, ಧೂಳಿಲ್ಲದ ಕೋಣೆಯಲ್ಲಿಡಬೇಕು ಎಂದು ಬರೆದಿತ್ತಂತೆ. ಮೇ ತಿಂಗಳಲ್ಲಿ ನಮ್ಮ ಕಡೆ ಅಂಥ ಕೋಣೆ ಇದ್ದಿದ್ದರೆ ಅದರಲ್ಲಿ ನಾವೇ ಇರುತ್ತಿರಲಿಲ್ಲವೇ? ಕಾಕಾ ಪುಸ್ತಕವನ್ನು ಸೀಟಿನ ಕೆಳಗೆ ತುರುಕಿ, ನಮ್ಮವ್ವನ ಪೆಟ್ಟಿಗೆಯಿಂದ ಎರಡು ಕೌದಿ ಎಳೆದು ಯಂತ್ರಕ್ಕೆ ಹೊದಿಸಿದರು. ಬಿಸಿಲೂ ಧೂಳೂ ಒಳಗೆ ಹೋಗುವುದಿಲ್ಲ ಎಂಬುದು ಅವರ ಸಿದ್ಧಾಂತ. ಹೋಗಲಿಲ್ಲ, ಒಪ್ಪುತ್ತೇನೆ. ಕೌದಿಯೂ ಮನೆಗೆ ಬರಲಿಲ್ಲ. ಅವ್ವ ಇಂದಿಗೂ ಕೇಳುತ್ತಾಳೆ.

ಫಿಲ್ಮು ತೊಳೆಯಲು ಕತ್ತಲೆಯೂ ಬೇಕು, ತಂಪೂ ಬೇಕು. ಎರಡೂ ಒಟ್ಟಿಗೆ ಸಿಗುವ ಜಾಗ ಹಳ್ಳಿಯಲ್ಲಿ ಒಂದೇ: ಹಗೇವು. ನೆಲದೊಳಗೆ ಜೋಳ ತುಂಬಿಡುತ್ತಿದ್ದ ಆ ಗುಂಡಿಗಳು, ಕಾಲುವೆ ಬಂದು ಜನ ಭತ್ತ ಬೆಳೆದು ಮಾರತೊಡಗಿದ ಮೇಲೆ ಬರಿದಾಗಿದ್ದವು. ಕಾಕಾ ಮೊದಲು ಒಳಗಿನ ಗಾಳಿ ಪರೀಕ್ಷಿಸಲು ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ತಾವೂ ಇಳಿಯುವರು. ಸ್ವಲ್ಪ ಹೊತ್ತಿಗೆ ನೆಲದೊಳಗಿಂದ ಧ್ವನಿ: "ನಿಂಗಮ್ಮನ ಎದಿ ಸ್ವಚ್ಛ ಐತಿ!" ಹೊಸದಾಗಿ ಊರಿಗೆ ಬಂದ ಬಳೆಗಾರನೊಬ್ಬ ಇದನ್ನು ಕೇಳಿ ಬಳೆ ಬಿಟ್ಟು ಓಡಿದನಂತೆ. ಈ ಕತೆಗೆ ಕಾಕಾ ಒಬ್ಬರೇ ಸಾಕ್ಷಿ. ಅವರೋ ಆಗ ಹಗೇವಿನೊಳಗಿದ್ದರು. ಸಾಕ್ಷ್ಯವನ್ನು ತಳ್ಳಿಹಾಕಲಾಗಿದೆ.

ನಮ್ಮಿಬ್ಬರ ನಿಜವಾದ ಜಗಳ ಮಾತ್ರ ಟವೆಲಿನದು. ಕಾಲುವೆ ದಂಡೆಯ ಉದ್ದಕ್ಕೂ ನೀರೆತ್ತುವ ಮೋಟಾರುಗಳಿದ್ದವು. ಅವೆಲ್ಲ ಓಡುವಾಗ ಕರೆಂಟು ಸೊರಗಿ ಎಕ್ಸರೇ ಮಸಕಾಗುತ್ತಿತ್ತು. ಅದಕ್ಕೆ ಕಾಕಾ ಯಂತ್ರ ಇಟ್ಟಿದ್ದ ಶಾಲೆಯ ಮಾಳಿಗೆ ಹತ್ತಿ ಕೆಂಪು ಟವೆಲು ಬೀಸುವುದು, ರೈತರು ಮೋಟಾರು ಬಂದ್ ಮಾಡುವುದು, ಫೋಟೋ ಆದ ಮೇಲೆ ಬಿಳಿ ಟವೆಲು. ಹೀಗೆಂದು ಅವರ ಹೇಳಿಕೆ. ನಾನು ಆಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಾರಿತೋಷಕ ಹೊತ್ತು ತರುತ್ತಿದ್ದವಳು, ಬಿಟ್ಟೇನೆಯೇ? ನಮ್ಮೂರು ಕಾಲುವೆಯ ತುದಿಯಲ್ಲಿದೆ. ಪಾಳಿಯ ನೀರು ಬರುವುದೇ ಅಪರೂಪ. ಯಾರದೋ ಕೆಮ್ಮಿಗಾಗಿ ಅದನ್ನು ಯಾರು ಬಿಡುತ್ತಾರೆ? ಮರ್ಯಾದೆಗೆ ಒಬ್ಬಿಬ್ಬರು ಆರಿಸಿಯಾರು, ಉಳಿದದ್ದು ನಿಮ್ಮ ಭ್ರಮೆ ಎಂದು ಸಾಧಿಸಿದೆ.

"ನೀ ಗೆದ್ದಿ ಬಿಡವ್ವ," ಎಂದರು ಕಾಕಾ. "ನಿನ್ನ ಎದಿ ಫೋಟೋ ತೆಗದ್ರ ಎಲುಬಿನ ಬದ್ಲಿ ಬರೇ ಪಾಯಿಂಟ ಕಾಣ್ತಾವು."

ಆ ಫೋಟೋ ತೆಗೆಯುವ ದಿನವೂ ಬಂತು. ತಿಂಗಳಾದರೂ ಕೆಮ್ಮು ನನ್ನನ್ನು ಬಿಟ್ಟಿರಲಿಲ್ಲ. ಅವ್ವ ನನ್ನ ತಾಟು ಬೇರೆ ಇಟ್ಟು, ಅದು ನನಗೆ ತಿಳಿಯದಂತೆ ಮಾಡಲು ಒದ್ದಾಡುತ್ತಿದ್ದಳು. ನಮ್ಮೂರ ಶಾಲೆಯಲ್ಲಿ ಕಾಕಾ ತೆಗೆದ ಫಿಲ್ಮು ಮಸಕಾಯಿತು. ಬಲಗಡೆ ಕಾಣುವುದು ರೋಗದ ಕಲೆಯೋ ಕರೆಂಟಿನ ದೋಷವೋ ಹೇಳಲಾರೆ ಎಂದರು ಜೊತೆಗೆ ಬಂದಿದ್ದ ಡಾಕ್ಟರು. ಪೆಟ್ಟಿಗೆಯಲ್ಲಿ ಇನ್ನು ಉಳಿದದ್ದು ಒಂದೇ ಫಿಲ್ಮು.

"ಟವೆಲ್ ಯಾಕ ಬೀಸಲಿಲ್ರಿ ಕಾಕಾ?"

ಕಾಕಾ ಕೌದಿಯ ಅಂಚು ಸರಿಮಾಡುತ್ತ ನಿಂತರು. "ಇವತ್ತ ನೀರಿನ ಪಾಳಿ ಐತವ್ವ. ಹನ್ನೆರಡ ದಿನಕ್ಕ ಬಂದೈತಿ. ಮಂದಿ ಸಲುವಾಗಿ ಕೇಳೋದು ಬ್ಯಾರೆ. ಮನಿ ಹುಡುಗಿ ಸಲುವಾಗಿ ಹೆಂಗ ಕೇಳ್ಲಿ?"

ಇದಕ್ಕೆ ನನ್ನ ಬಳಿ ಒಳ್ಳೆಯ ಖಂಡನೆ ಇತ್ತು. ಬಾಯಿ ತೆರೆದರೆ ಕೆಮ್ಮು ಬಂತು. ಅದನ್ನು ಕೇಳಿ ಕಾಕಾ ಏಣಿ ಹತ್ತಿದರು.

ಹಲಗೆಗೆ ಎದೆಯೊತ್ತಿ ನಿಂತೆ. ಹೊರಗೆ ಮೋಟಾರುಗಳ ಮೊರೆತ. ಮೊದಲು ಪಕ್ಕದ ಹೊಲದ್ದು ನಿಂತಿತು. ಮರ್ಯಾದೆಯದು, ಎಂದುಕೊಂಡೆ. ಇನ್ನೊಂದು ನಿಂತಿತು. ಅದೂ ಮರ್ಯಾದೆಯದೇ. ಆಮೇಲೆ ಮೂರು, ಏಳು... ಎಣಿಕೆ ತಪ್ಪಿತು. ದೂರದ ತಿರುವಿನಲ್ಲಿ, ಬದುವಿನ ಜಗಳಕ್ಕೆ ನಮ್ಮ ಮನೆಯವರೊಡನೆ ಮಾತು ಬಿಟ್ಟವರದೊಂದು ಮಾತ್ರ ಓಡುತ್ತಿತ್ತು. ನನ್ನ ವಾದಕ್ಕೆ ಉಳಿದದ್ದು ಅದೊಂದೇ ಆಸರೆ.

ಅದೂ ನಿಂತಿತು.

"ಉಸರ ಹಿಡಿಯವ್ವ," ಎಂದರು ಏಣಿ ಇಳಿದು ಬಂದ ಕಾಕಾ.

ಫಿಲ್ಮು ಹಿಡಿದುಕೊಂಡು ಅವರು ಹಗೇವಿಗೆ ಓಡಿದರು. ಬಿಳಿ ಟವೆಲು ಮರೆತೇ ಹೋಯಿತು! ಹೊತ್ತು ಕಳೆಯಿತು, ಒಂದು ಮೋಟಾರೂ ಶುರುವಾಗಲಿಲ್ಲ. ಕೆಮ್ಮುತ್ತಲೇ ನಾನು ಏಣಿ ಹತ್ತಿದೆ. (ಬಲಗಡೆ ಸಣ್ಣ ಕಲೆ ಇತ್ತು, ತಿಂಗಳುಗಟ್ಟಲೆ ಗುಳಿಗೆ ನುಂಗಿದ ಮೇಲೆ ಹೋಯಿತು. ಅದು ಆಮೇಲಿನ ಮಾತು.) ಮಾಳಿಗೆಯಿಂದ ನೋಡಿದರೆ, ದಂಡೆಯ ಉದ್ದಕ್ಕೂ ತಮ್ಮ ತಮ್ಮ ಮೋಟಾರಿನ ಪಕ್ಕ, ಒಬ್ಬೊಬ್ಬರೂ ಶಾಲೆಯ ಕಡೆ ಮುಖ ಮಾಡಿ ನಿಂತಿದ್ದರು. ಹನ್ನೆರಡು ದಿನ ಕಾದ ನೀರು ಅವರ ಕಾಲ ಬಳಿಯೇ ಹರಿದು ಹಳ್ಳಕ್ಕೆ ಹೋಗುತ್ತಿತ್ತು.

ಕೆಳಗೆ ನೆಲದೊಳಗಿಂದ ಕಾಕಾನ ಧ್ವನಿ ಬಂತು: "ಛಲೋ ಬಂದೈತವ್ವ ಫೋಟೋ! ಎಲುಬೆಲ್ಲಾ ಕಾಣ್ತಾವು. ಪಾಯಿಂಟ ಒಂದೂ ಇಲ್ಲ!"

ಇರಲಿಲ್ಲ, ನಿಜ. ಬಿಳಿ ಟವೆಲು ಎತ್ತಿ, ಕೈ ನೋಯುವವರೆಗೂ ಬೀಸಿದೆ.